ಎಣ್ಣೆ ಬೀಳದ ರಟ್ಟು

ಅಲ್ಮಾ ಕುಚೇರಾಳ ಪ್ಯಾಂಟಿನ ಎಡಗಾಲು ಬಲಗಾಲಿಗಿಂತ ಯಾವಾಗಲೂ ಕಪ್ಪಗಿರುತ್ತಿತ್ತು. ನೆಬ್ರಾಸ್ಕಾದ ಆ ಸಣ್ಣ ಊರಿನಲ್ಲಿ ಅವಳು ನಿವೃತ್ತಳಾಗುವವರೆಗೆ ಶಾಲಾ ಬಸ್ಸು ಓಡಿಸಿದವಳು. ಇವಳ ಒಂದು ಕಾಲು ಚರ್ಚಿಗೆ ಹೋಗುತ್ತದೆ, ಇನ್ನೊಂದು ಗ್ಯಾರೇಜಿಗೆ ಎಂದು ಬೇಕರಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಅಲ್ಮಾ ಹಣ್ಣಿನ ಹೂರಣದ ಕೊಲಾಚಿ ಬನ್ನು ಕಟ್ಟಿಸಿಕೊಂಡು, ನಿಂತೇ ಕಾಫಿ ಕುಡಿದು ಹೊರಡುತ್ತಿದ್ದಳು. ಕೂತರೆ ಕುರ್ಚಿಗೆ ಎಣ್ಣೆ ಹತ್ತುತ್ತದೆಂದು ಅವಳಿಗೂ ಗೊತ್ತಿತ್ತು.

ಆ ಎಣ್ಣೆ ಅವಳ ಮೋಟಾರ್ ಸೈಕಲ್ಲಿನದು. ೧೯೧೩ರ ಗಾಡಿ; ಒಂದೇ ಸಿಲಿಂಡರು, ಹಿಂದಿನ ಚಕ್ರಕ್ಕೆ ಚರ್ಮದ ಪಟ್ಟಿ. ಆ ಕಾಲದ ಎಂಜಿನ್ನು ಕುಡಿದ ಎಣ್ಣೆಯನ್ನು ಹಿಂದಕ್ಕೆ ಕೊಡುವುದಿಲ್ಲ. ಸವಾರರು ಎರಡು ಮೂರು ಮೈಲಿಗೊಮ್ಮೆ ಕೈಪಂಪು ಒತ್ತಿ ಉಣಿಸುತ್ತಿರಬೇಕು. ಅದರಲ್ಲಿ ಸ್ವಲ್ಪ ಸುಟ್ಟು ಹೊಗೆಯಾಗುತ್ತದೆ, ಉಳಿದದ್ದು ಸಂದುಗೊಂದುಗಳಿಂದ ಸೋರಿ ಎಡಗಾಲನ್ನು ನೆನೆಸಿ ನೆಲಕ್ಕೆ ಬೀಳುತ್ತದೆ. ನಿಲ್ಲಿಸಿದ ಮೇಲೂ ಬೆಳಗಿನವರೆಗೆ ತೊಟ್ಟಿಕ್ಕುತ್ತದೆ.

ಅಲ್ಮಾಳ ಅಪ್ಪ ಒಂದು ಹಂದಿ ಕೊಟ್ಟು ಈ ಗಾಡಿಯನ್ನು ತಂದಿದ್ದ. ಕೋಳಿಗೂಡಿನಲ್ಲಿ ನಿಲ್ಲಿಸಿ, ಬರುವ ಬೇಸಿಗೆಗೆ ಓಡಿಸುತ್ತೇನೆ ಎನ್ನುತ್ತ ಎನ್ನುತ್ತಲೇ ತೀರಿಕೊಂಡ. ಗೂಡಿನಿಂದ ಅದನ್ನು ಹೊರಗೆಳೆದವಳು ಅಲ್ಮಾ. ಅದು ಮತ್ತೆ ಉಸಿರಾಡುವಂತೆ ಮಾಡಿದವನು ಡೆಲ್ಬರ್ಟ್ ವೋಸಿಕ್.

ಡೆಲ್ ಪಕ್ಕದೂರಿನವನು, ಅವಳಿಗಿಂತ ಹತ್ತು ವರ್ಷ ಹಿರಿಯ. ಅವನಲ್ಲೂ ಅಂಥದೇ ಗಾಡಿ ಇತ್ತು, ಜೊತೆಗೆ ಲೋಹ ಕಡೆಯುವ ಒಂದು ಲೇತ್ ಇತ್ತು. ಇವುಗಳ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಮಾಡಿಕೊಳ್ಳಬೇಕು. ಚಳಿಗಾಲ ಪೂರ್ತಿ ಅಲ್ಮಾ ಅವನ ಶೆಡ್ಡಿನಲ್ಲಿರುತ್ತಿದ್ದಳು. ವಾಲ್ವ್ ಅರೆದು ಕೂರಿಸುವುದು, ಬೇರಿಂಗಿಗೆ ಎರಕ ಹೊಯ್ಯುವುದು, ಕಿವಿಯಿಂದಲೇ ಎಂಜಿನ್ನಿನ ರೋಗ ಹಿಡಿಯುವುದು, ಎಲ್ಲವನ್ನೂ ಅವನಿಂದ ಕಲಿತಳು. ಅವನು ಹೊಗಳಿ ಕಲಿಸುವವನಲ್ಲ. ಬಸ್ಸಿನ ಕ್ಲಚ್ ತುಳಿದ ಕಾಲಿಗೆ ನಯ ಎಲ್ಲಿಂದ ಬರಬೇಕು ಎನ್ನುತ್ತಿದ್ದ. ಇಬ್ಬರ ನಡುವೆ ಏನೋ ಇದೆ ಎಂದು ಊರು ಮಾತಾಡಿಕೊಂಡಿತು. ಇದ್ದದ್ದು ಕೆಲಸ. ಅಲ್ಮಾಳಿಗೆ ಅದು ಮದುವೆಗಿಂತ ಗಟ್ಟಿ ಎನಿಸಿತ್ತು. ಮದುವೆಯನ್ನು ಅವಳು ಒಮ್ಮೆ ಮಾಡಿ ನೋಡಿದ್ದಳು.

ಎರಡು ವರ್ಷಕ್ಕೊಮ್ಮೆ ಇಬ್ಬರೂ ಓಟಕ್ಕೆ ಹೋಗುತ್ತಿದ್ದರು. ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿಗೆ, ನೂರು ವರ್ಷ ದಾಟಿದ ಗಾಡಿಗಳ ಮೇಲೆ. ಅದರಲ್ಲಿ ವೇಗಕ್ಕೆ ಬೆಲೆಯಿಲ್ಲ. ದಿನದ ದಾರಿಯನ್ನು ಗೊತ್ತಾದ ಹೊತ್ತಿನೊಳಗೆ ಮುಗಿಸಿದರಾಯಿತು. ಗಾಡಿ ಕೆಟ್ಟರೆ ಸವಾರರೇ ಸರಿಮಾಡಿಕೊಳ್ಳಬೇಕು, ಇಲ್ಲವೇ ಜೊತೆಯ ಸವಾರರು ಕೈಗೂಡಿಸಬಹುದು. ಸಾಮಾನು ಹೊತ್ತು ತರುವ ನೆಂಟರಿಷ್ಟರ ವ್ಯಾನುಗಳು ದಾರಿಯಲ್ಲಿ ಸವಾರರ ಹತ್ತಿರ ನಿಲ್ಲುವಂತಿಲ್ಲ. ಏನೂ ಆಗದಿದ್ದರೆ ಸಾಲಿನ ಕೊನೆಗೆ ಬರುವ ಟ್ರಕ್ಕು ಎತ್ತಿಕೊಳ್ಳುತ್ತದೆ. ಅಲ್ಲಿಗೆ ಆ ದಿನದ ಉಳಿದ ಮೈಲಿ ಹೋದಂತೆ. ಒಂದು ಮೈಲಿಯೂ ಬಿಡದವರಿಗೆ ಕೊನೆಯ ಊರಿನಲ್ಲಿ ಹಿತ್ತಾಳೆಯ ಫಲಕ.

ಮೈಲಿ ಲೆಕ್ಕಕ್ಕೆ ಯಾವ ಯಂತ್ರವೂ ಇರಲಿಲ್ಲ. ರಾತ್ರಿಯೂಟದ ಮೇಜಿನಲ್ಲಿ ಇನೆಜ್ ಪ್ರೂಯೆಟ್ ಎಂಬ ಮಿಸೌರಿಯ ಹೆಂಗಸು ಒಬ್ಬೊಬ್ಬರ ಹೆಸರನ್ನೂ ಕರೆಯುತ್ತಾಳೆ. ಕರೆಸಿಕೊಂಡವರು ಎದ್ದುನಿಂತು ‘ಪೂರ್ತಿ’ ಎನ್ನುತ್ತಾರೆ, ಇಲ್ಲವೇ ಎಷ್ಟು ಬಂದೆವೆಂದು ಹೇಳುತ್ತಾರೆ. ಯಾರಿಗಾದರೂ ಅನುಮಾನವಿದ್ದರೆ ಅದೇ ಮೇಜಿನಲ್ಲಿ ಆಗಲೇ ಹೇಳಬೇಕು. ಆ ಸಂಜೆಯ ಮಾತು ಆ ಸಂಜೆಗೇ ಮುಗಿಯಿತು. ಸುಳ್ಳು ಹೇಳುವ ಮನುಷ್ಯ ಇಂಥ ಗಾಡಿಗಳ ಸಹವಾಸಕ್ಕೇ ಬರುವುದಿಲ್ಲ ಎಂದು ಅವರೆಲ್ಲ ನಂಬಿದ್ದರು.

ಅಲ್ಮಾ ಮೂರು ಓಟ ಹೋಗಿ ಮೂರರಲ್ಲೂ ಟ್ರಕ್ಕು ಹತ್ತಿದ್ದಳು. ನಾಲ್ಕನೆಯದಕ್ಕೆ ಹೊರಟಾಗ ಅವಳಿಗೆ ಅರವತ್ತೇಳು. ಅವಳಿಗೆ ಬೇಕಿದ್ದದ್ದು ಒಂದೇ: ಅಪ್ಪ ಒಂದು ದಿನವೂ ಓಡಿಸದ ಗಾಡಿಯ ಮೇಲೆ ಕಡಲಿನಿಂದ ಕಡಲಿಗೆ ಹೋಗಿ, ಪ್ರತಿ ಸಂಜೆಯೂ ಎದ್ದುನಿಂತು ‘ಪೂರ್ತಿ’ ಎನ್ನುವುದು. ಡೆಲ್‌ಗೂ ಅವಳಿಗೂ ಹಳೆಯ ಕರಾರೊಂದಿತ್ತು. ಒಬ್ಬರು ನಿಂತರೆ ಇನ್ನೊಬ್ಬರೂ ನಿಲ್ಲಬೇಕು.

ಆ ಸಲ ಯೂಟಾದವರೆಗೆ ಇಬ್ಬರೂ ‘ಪೂರ್ತಿ’.

ಯೂಟಾದ ಕೊನೆಯ ಮೋಟೆಲಿನ ಅಂಗಳದಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಮೋಟೆಲಿನವರ ನೆಲ ಕೆಡದಿರಲೆಂದು ಪ್ರತಿ ಗಾಡಿಯ ಕೆಳಗೂ ರಟ್ಟು ಹಾಸುವುದು ಪದ್ಧತಿ. ಸಂಜೆ ಅಡ್ಡಾಡುವವರು ಪರರ ರಟ್ಟನ್ನು ಬಗ್ಗಿ ನೋಡುತ್ತಾರೆ, ವೈದ್ಯರು ರೋಗಿಯ ನಾಲಿಗೆ ನೋಡಿದ ಹಾಗೆ. ಇನ್ನೂ ಒಂದು ಪದ್ಧತಿಯಿದೆ. ಯಾರಾದರೂ ಬಿಡಿಭಾಗ ಕೇಳಿಕೊಂಡು ಬಂದರೆ ಇಲ್ಲವೆನ್ನುವಂತಿಲ್ಲ. ಕೇಳಿದವನು ‘ಇದೇ ಕೊನೆಯದಾ?’ ಎಂದು ವಿಚಾರಿಸಬೇಕು, ಕೊಡುವವನು ‘ಇನ್ನೊಂದಿದೆ’ ಎನ್ನಬೇಕು. ಇರಲಿ ಇಲ್ಲದಿರಲಿ, ಹಾಗೇ ಅನ್ನಬೇಕು. ಕೊನೆಯದು ಎಂದುಬಿಟ್ಟರೆ ಮರ್ಯಾದಸ್ಥನಾದವನು ಮುಟ್ಟುವುದಿಲ್ಲ.

ಡೆಲ್ ಟೋಪಿ ಕೈಯಲ್ಲಿ ಹಿಡಿದು ಬಂದ. ಅವನ ಎಕ್ಸಾಸ್ಟ್ ವಾಲ್ವ್ ಸುಟ್ಟಿತ್ತು, ನಾಳೆ ತಾಳುವುದಿಲ್ಲ. ತನ್ನ ಬಳಿ ಇದ್ದದ್ದನ್ನು ವಯೋಮಿಂಗಿನಲ್ಲೇ ಹಾಕಿಯಾಗಿತ್ತು. ಅಲ್ಮಾ ಉಪಕರಣದ ಚೀಲದಿಂದ ಕಾಲುಚೀಲದಲ್ಲಿ ಸುತ್ತಿದ್ದ ವಾಲ್ವ್ ತೆಗೆದಳು.

“ಇದೇ ಕೊನೇದಾ?” ಅಂದ ಡೆಲ್.

“ಇನ್ನೊಂದಿದೆ, ತಗೋ.”

ಇನ್ನೊಂದು ಇರಲಿಲ್ಲ. ಡೆಲ್‌ಗೆ ಅದು ಗೊತ್ತಿತ್ತು. ಓಟಕ್ಕೆ ಮುಂಚಿನ ಚಳಿಗಾಲದಲ್ಲಿ ಅವಳಿಗೆಂದು ಎರಡೇ ವಾಲ್ವ್ ಕಡೆದು ಕೊಟ್ಟವನು ಅವನೇ; ಒಂದು ಅವಳ ಎಂಜಿನ್ನಿನೊಳಗಿತ್ತು.

ಮರುದಿನ ನೆವಾಡಾ. ಅಲ್ಲಿ ಇರುವುದು ಒಂದೇ ರಸ್ತೆ, ಸವಾರರೂ ವ್ಯಾನುಗಳೂ ಅದರಲ್ಲೇ ಹೋಗಬೇಕು. ಇವರಿಬ್ಬರ ಗಾಡಿಗಳೇ ಎಲ್ಲಕ್ಕಿಂತ ನಿಧಾನ, ಆದ್ದರಿಂದ ಸಾಲಿನ ಕೊನೆಯಲ್ಲಿದ್ದರು. ಹೊರಟು ಸ್ವಲ್ಪ ದೂರದಲ್ಲೇ ಡೆಲ್‌ನ ಎಂಜಿನ್ನು ಕೆಮ್ಮತೊಡಗಿತು. ಅವನು ನಿಂತ, ಅಲ್ಮಾಳೂ ನಿಂತಳು. ಪ್ಲಗ್ಗು ಒರೆಸಿಕೊಂಡು ಬರುತ್ತೇನೆ, ನೀನು ಸಾಗು ಎಂದು ಅವನೇ ಹೇಳಿದ. ಅಲ್ಮಾ ಹಿಂತಿರುಗಿ ನೋಡುತ್ತ ನಿಧಾನವಾಗಿ ಮುಂದುವರಿದಳು.

ನಡುಮಧ್ಯಾಹ್ನದ ಹೊತ್ತಿಗೆ, ಒಂದು ಏರಿನಲ್ಲಿ, ಅವಳ ವಾಲ್ವಿನ ತಲೆ ಮುರಿದು ಎಂಜಿನ್ನು ಸುಮ್ಮನಾಯಿತು. ಬಿಚ್ಚಿ ನೋಡಿದಳು. ಸಿಲಿಂಡರಿಗೆ ಪೆಟ್ಟಾಗಿರಲಿಲ್ಲ, ಒಂದು ವಾಲ್ವ್ ಇದ್ದರೆ ಕಾಫಿ ಕಾಯುವಷ್ಟರಲ್ಲಿ ಮತ್ತೆ ಹೊರಡಬಹುದಿತ್ತು. ಡೆಲ್ ಹಿಂದಿದ್ದಾನೆ, ಅವನ ಚೀಲದಲ್ಲಿ ಆ ಸುಟ್ಟ ವಾಲ್ವ್ ಇರುತ್ತದೆ, ಅರೆದು ಕೂರಿಸಿದರೆ ಹೇಗಾದರೂ ಊರು ಮುಟ್ಟುತ್ತೇನೆ ಎಂದುಕೊಂಡು ಕುರುಚಲು ಗಿಡವೊಂದರ ಪಕ್ಕ ಕೂತಳು.

ಡೆಲ್ ಬರಲಿಲ್ಲ. ಅವನ ಸೋದರಳಿಯ ರೂಡಿಯ ಬಿಳಿ ವ್ಯಾನು ಬಂತು. ಅಲ್ಮಾ ಎದ್ದು ಕೈಯೆತ್ತಿದಳು. ರೂಡಿ ಅವಳ ಕಡೆ ನೋಡದೆ, ಏನೂ ಇಲ್ಲದ ಬಯಲಿನ ಕಡೆ ಮುಖ ತಿರುಗಿಸಿಕೊಂಡು ಹೊರಟುಹೋದ. ವ್ಯಾನಿನ ಹಿಂದಿನ ಕಿಟಕಿಗೆ ಕಂಬಳಿ ಇಳಿಬಿಟ್ಟಿತ್ತು. ನಿಯಮ ಪಾಲಿಸುವ ಹುಡುಗ ಎಂದು ಅವಳಿಗೆ ಮೆಚ್ಚುಗೆಯೇ ಆಯಿತು.

ಆಮೇಲೆ ಬಂದದ್ದು ಟ್ರಕ್ಕು. ಹಿಂದೆ ಡೆಲ್ ಇದ್ದಾನಲ್ಲ ಎಂದು ಕೇಳಿದ್ದಕ್ಕೆ ಚಾಲಕ, ಹಿಂದೆ ನರಪಿಳ್ಳೆಯೂ ಇಲ್ಲ, ನೀವೇ ಕೊನೆ ಅಂದ.  ತನ್ನ ಮೈಲಿ ಹೋದದ್ದು ಅವಳಿಗೆ ಮರೆತೇಹೋಯಿತು. ದಾರಿಯುದ್ದಕ್ಕೂ ಟ್ರಕ್ಕಿನ ಕಿಟಕಿಯಿಂದ ತಲೆ ಹೊರಹಾಕಿ ರಸ್ತೆಬದಿಯ ಹಳ್ಳಗಳಲ್ಲಿ ಮುದುಕನನ್ನು ಹುಡುಕುತ್ತ ಬಂದಳು.

ಮೋಟೆಲಿನ ಅಂಗಳದಲ್ಲಿ ಡೆಲ್ ಕುರ್ಚಿ ಹಾಕಿಕೊಂಡು ಬಿಯರು ಕುಡಿಯುತ್ತಿದ್ದ. ಅವನು ಬದುಕಿದ್ದನ್ನು ಕಂಡು ಅವಳು ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಅವನ ಪ್ಯಾಂಟು ಕಣ್ಣಿಗೆ ಬಿತ್ತು. ಎಡಗಾಲಿನಲ್ಲಿ ಬೆಳಿಗ್ಗೆ ಇದ್ದ ಇಸ್ತ್ರಿಯ ಗೆರೆ ಹಾಗೇ ಇತ್ತು. ಗಾಡಿಯ ಕೆಳಗಿನ ರಟ್ಟಿನ ಮೇಲೆ ಅಲ್ಲೊಂದು ಇಲ್ಲೊಂದು ಹನಿ; ಅದು ಅಂಗಡಿಯಿಂದ ಆಗ ತಂದ ರಟ್ಟಿನ ಹಾಗಿತ್ತು. ಒಂದು ದಿನದ ದಾರಿ ಸವೆಸಿದ ಗಾಡಿಯ ರಟ್ಟು ಅದಲ್ಲ. ಅಲ್ಮಾ ಕೈ ತೆಗೆದಳು.

ಊಟದ ಮೇಜಿನಲ್ಲಿ ಅವನ ಬಾಯಿಂದಲೇ ಬರಲಿ ಎಂದು ಕಾದಳು. ಇನೆಜ್ ಹೆಸರು ಕರೆದಾಗ ಡೆಲ್ ಎದ್ದುನಿಂತು, ಉಪ್ಪಿನ ಡಬ್ಬಿಯನ್ನು ನೋಡುತ್ತ, ‘ಪೂರ್ತಿ’ ಅಂದ. ಅಲ್ಮಾಳ ಸರದಿ ಬಂದಾಗ ಅವಳು ತನ್ನ ಮುರುಕು ಮೈಲಿಯನ್ನು ಹೇಳಿ ಕೂತಳು. ಮೇಜಿನ ಸುತ್ತ ಯಾರೂ ಅನುಮಾನ ಎತ್ತಲಿಲ್ಲ. ಊಟವಾದ ಮೇಲೆ ಮಾತ್ರ ಅವಳಿಗೆ ವಾಲ್ವ್ ಕೊಡಲು ನಾ ಮುಂದು ತಾ ಮುಂದು ಎಂದು ಬಂದರು. ಇಂಡಿಯಾನಾದವನೊಬ್ಬ ತನ್ನ ದೊಡ್ಡ ವಾಲ್ವನ್ನು ಅವಳ ಎಂಜಿನ್ನಿನ ಅಳತೆಗೆ ಅರೆದು ಕೊಟ್ಟ. ಕೊನೆಯದಾ ಎಂದು ಅವಳು ಕೇಳಿದಳು. ಇನ್ನೊಂದಿದೆ ಅಂದ.

ಬೆಳಿಗ್ಗೆ ಅಲ್ಮಾ ಇನೆಜ್‌ಳನ್ನು ಕಾಫಿ ಪಾತ್ರೆಯ ಹತ್ತಿರ ಹಿಡಿದಳು.

“ನಮಗೆಲ್ಲ ಕಂಡಿತ್ತು ಅಲ್ಮಾ,” ಅಂದಳು ಇನೆಜ್. “ರಟ್ಟು ಒಣಗಿತ್ತು.”

“ಮತ್ತೆ ಯಾಕೆ ಒಪ್ಕೊಂಡೆ?”

“ಜೊತೆಗಾರ್ತಿ ನೀನೇ ಬಾಯಿಬಿಡಲಿಲ್ಲ, ನಡುವೆ ನಾವ್ಯಾರು? ಗೊತ್ತಿದ್ದೇ ಬಿಟ್ಕೊಟ್ಟೆ ಅಂದ್ಕೊಂಡ್ವಿ. ಎಲ್ರಿಗೂ ಬೇಕಾದ ಮನುಷ್ಯ. ಒಂದು ಫಲಕ ತಾನೆ, ತಗೊಂಡು ಹೋಗ್ಲಿ ಬಿಡು.”

ಅಂದರೆ ಮೇಜಿನ ಸುತ್ತ ಕೂತವರಲ್ಲಿ ಮೋಸ ತಿಳಿಯದವರು ಒಬ್ಬರೂ ಇರಲಿಲ್ಲ. ತಾನು ಅವನಿಗಾಗಿ ಕಾದೆ, ಅವರು ತನಗಾಗಿ ಕಾದರು, ಅಷ್ಟರಲ್ಲಿ ಸಂಜೆ ಮುಗಿದುಹೋಗಿತ್ತು. ಹಾಗೆಂದು ಅವರೆಲ್ಲರನ್ನೂ ಮನ್ನಿಸಲು ಅಲ್ಮಾಳಿಗೆ ಸಾಧ್ಯವಾಗಲಿಲ್ಲ. ವಾಲ್ವ್ ಹಿಡಿದು ಓಡಿಬಂದ ಕೈಗಳಲ್ಲಿ ಒಂದಾದರೂ ಮೇಜಿನ ಹತ್ತಿರ ಮೇಲೇಳಬಹುದಿತ್ತು.

ಡೆಲ್ ಎಣ್ಣೆಯ ಟ್ಯಾಂಕು ತುಂಬಿಸುತ್ತಿದ್ದ. ಅವಳು ಎದುರು ಹೋಗಿ ನಿಂತಳು.

“ನಿನ್ನೆ ಹಳ್ಳದಲ್ಲೆಲ್ಲ ನಿನ್ನ ಹೆಣ ಹುಡುಕ್ತಾ ಬಂದೆ.”

ಅವನು ಆಲಿಕೆಯನ್ನು ಕೆಳಗಿಟ್ಟ. ಮ್ಯಾಗ್ನೆಟೊ ಸತ್ತುಹೋಯಿತು, ಕಿಡಿಯೇ ಇರಲಿಲ್ಲ, ರೂಡಿಯ ಹತ್ತಿರ ಇನ್ನೊಂದಿತ್ತು, ಅದನ್ನು ಕೂರಿಸಿ ಹೊರಟರೆ ಹೊತ್ತು ಮೀರುತ್ತಿತ್ತು ಎಂದು ಒಂದೊಂದೇ ಮಾತು ಹೇಳಿದ. ಗಾಡಿಯನ್ನು ವ್ಯಾನಿಗೆ ಹತ್ತಿಸಿ ತಂದು, ಊರ ಹೊರಗಿನ ಜಲ್ಲಿ ಗುಂಡಿಯ ಮರೆಯಲ್ಲಿ ಮ್ಯಾಗ್ನೆಟೊ ಕೂರಿಸಿಕೊಂಡು ಅಲ್ಲಿಂದ ಓಡಿಸಿದ್ದನಂತೆ.

“ನಾನು ಕೈಯೆತ್ತಿದಾಗ ವ್ಯಾನಲ್ಲಿ ಇದ್ಯಾ?”

“ಇದ್ದೆ.”

“ನೋಡಿದ್ಯಾ?”

“ರೂಡಿ ಹೇಳ್ದ.”

“ಡೆಲ್, ನನ್ನ ವಾಲ್ವ್ ನಿನ್ನ ಸತ್ತ ಎಂಜಿನ್ನಲ್ಲಿ ಸುಮ್ನೆ ಕೂತಿತ್ತು. ಕಿತ್ತುಕೊಟ್ಟಿದ್ರೆ ನಾನು ಹೋಗಿರ್ತಿದ್ದೆ.”

“ನೀನೇ ಇನ್ನೊಂದಿದೆ ಅಂದ್ಯಲ್ಲ.”

ಅಲ್ಮಾ ಅವನನ್ನೇ ನೋಡಿದಳು. ಎರಡೇ ವಾಲ್ವ್ ಕಡೆದ ಆ ಬೆರಳುಗಳು ಈಗ ಎಣ್ಣೆಯ ಮುಚ್ಚಳವನ್ನು ತಿರುಗಿಸುತ್ತಿದ್ದವು; ತಿರುಪು ಕೂರುತ್ತಿರಲಿಲ್ಲ.

“ನಂಗೆ ಎಪ್ಪತ್ತೇಳು ಕಣೆ,” ಅಂದ ಅವನು. “ನಿಂಗೆ ಇನ್ನೂ ಓಟಗಳಿವೆ.”

ಉಳಿದ ದಾರಿಯನ್ನು ಅಲ್ಮಾ ಒಬ್ಬಳೇ ಓಡಿಸಿದಳು. ಕಡಲ ದಂಡೆಯ ಊರಿನಲ್ಲಿ ಡೆಲ್‌ಗೆ ಫಲಕ ಬಂತು. ಜೊತೆಗಾರ್ತಿ ಕೊಟ್ಟ ವಾಲ್ವೇ ತನ್ನನ್ನು ಇಲ್ಲಿಗೆ ತಂದಿತೆಂದು ಅವನು ಹೇಳಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅಲ್ಮಾ ತಟ್ಟೆಯಲ್ಲಿದ್ದ ಪೈ ಮುಗಿಸಿ, ಚಮಚ ಒರೆಸಿಟ್ಟು ಎದ್ದಳು.

ಆ ಚಳಿಗಾಲ ಅವಳು ಹಳೆಯ ಲೇತೊಂದನ್ನು ತಂದು ಅಪ್ಪನ ಕೋಳಿಗೂಡಿನಲ್ಲಿ ಹೂಡಿಸಿಕೊಂಡಳು. ಒಂದು ದಿನ ರೂಡಿ ಬಂದು ಡೆಲ್ ಬಟ್ಟೆಯಲ್ಲಿ ಸುತ್ತಿ ಕಳಿಸಿದ ವಾಲ್ವ್ ಕೊಟ್ಟ. ಅವಳು ತೆಗೆದುಕೊಂಡಳು. ಅವನು ಹೋಗಲಿಲ್ಲ.

“ಮಾವ ಕ್ಷಮೆ ಕೇಳು ಅಂದ್ರು.”

“ಅದನ್ನೂ ನಿನ್ನ ವ್ಯಾನಲ್ಲೇ ಕಳಿಸಿದ್ನಾ?” ಎಂದು ಅಲ್ಮಾ ಬಾಗಿಲು ಹಾಕಿಕೊಂಡಳು.

ಐದನೆಯ ಓಟಕ್ಕೆ ಡೆಲ್ ಬರಲಿಲ್ಲ. ಅವನ ಮೊಣಕಾಲು ಸೋತಿತ್ತು. ಅಲ್ಮಾ ಹೆಚ್ಚಿನ ವಾಲ್ವ್ ಎರಡನ್ನು ಕಡೆದುಕೊಂಡು ಹೋದಳು. ಒಂದು ಉಪಕರಣದ ಚೀಲದಲ್ಲಿ. ಇನ್ನೊಂದನ್ನು ಜಾಕೆಟಿನ ಅಸ್ತರಿನೊಳಗಿಟ್ಟು ಹೊಲಿದಿದ್ದಳು.

ಯೂಟಾದ ಮೋಟೆಲಿನಲ್ಲಿ ಆರೆಗನ್‌ನ ಹೊಸಬನೊಬ್ಬ, ವೆಂಡೆಲ್ ಓಡೆಗಾರ್ಡ್ ಎಂಬ ಶಾಲಾ ಮಾಸ್ತರ, ಟೋಪಿ ತೆಗೆದು ಅವಳ ಮುಂದೆ ನಿಂತ. ಅವನದೂ ಅದೇ ಬಗೆಯ ಗಾಡಿ. ಆ ದಿನದವರೆಗೆ ಅವನೂ ‘ಪೂರ್ತಿ’. ವಾಲ್ವ್ ಸುಟ್ಟಿದೆ ಎಂದು ಸಂಕೋಚದಿಂದ ಹೇಳಿದ. ಅಲ್ಮಾ ಚೀಲದಿಂದ ತನ್ನದನ್ನು ತೆಗೆದಳು. ಅವನ ಕೈ ಮುಂದೆ ಬಂತು. ಯಾರೋ ಕಲಿಸಿಕೊಟ್ಟಿದ್ದರು, ಕೇಳಬೇಕಾದದ್ದನ್ನು ಕೇಳಿದ.

“ಇದೇ ಕೊನೇದಾ ಅಮ್ಮ?”

“ಹೌದು,” ಅಂದಳು ಅಲ್ಮಾ. “ಕೊನೇದು.”

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಹಾಗಾದರೆ ಬೇಡ, ಕ್ಷಮಿಸಿ ಎಂದು ಟೋಪಿ ಹಾಕಿಕೊಂಡು ಮುಂದಿನ ಗಾಡಿಯ ಹತ್ತಿರ ಹೋದ. ಆ ಅಳತೆಯದಾಗಲಿ, ಆ ಅಳತೆಗೆ ಅರೆಯಬಹುದಾದದ್ದಾಗಲಿ ಬೇರೆ ಯಾರಲ್ಲೂ ಇರಲಿಲ್ಲ. ಮರುದಿನ ನೆವಾಡಾದ ಅದೇ ರಸ್ತೆಯಲ್ಲಿ ಅವನು ಟ್ರಕ್ಕು ಹತ್ತಿದ.

ಆ ಸಲ ಅಲ್ಮಾ ಒಂದು ಮೈಲಿಯನ್ನೂ ಬಿಡಲಿಲ್ಲ. ಕೊನೆಯ ಮೇಜಿನಲ್ಲಿ ಇನೆಜ್ ಹೆಸರು ಕರೆದಾಗ ಎದ್ದುನಿಂತು ‘ಪೂರ್ತಿ’ ಅಂದಳು. ಅವಳ ಎಡಗಾಲು ತೊಡೆಯವರೆಗೆ ಕಪ್ಪಗಿತ್ತು, ಅಂಗಳದಲ್ಲಿ ರಟ್ಟು ನೆಂದು ತೊಪ್ಪೆಯಾಗಿತ್ತು. ಯಾರಿಗೂ ಅನುಮಾನವಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಆರೆಗನ್‌ನ ಮಾಸ್ತರ. ಅಲ್ಮಾ ಉಪ್ಪಿನ ಡಬ್ಬಿಯನ್ನು ನೋಡುತ್ತ ಕೂತಳು.