ಹೆಂಡತಿಯ ಹಾಜರಿ ಕರೆದವರು

ಸರ್ ಮೊದಲ ದಿನ ತರಗತಿಗೆ ಬಂದಾಗ ನಮ್ಮೆಲ್ಲರ ಕಣ್ಣು ಹೋದದ್ದು ಅವರ ಕಾಲಿಗೆ. ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಒಪ್ಪವಾಗಿ ಬಾಚಿದ ತಲೆ. ಕೆಳಗೆ ಮಾತ್ರ ಪ್ಯಾಂಟು ಮೊಣಕಾಲಿನ ತನಕ ಮಡಚಿತ್ತು, ಮೀನಖಂಡದ ಮೇಲೆಲ್ಲ ಒಣಗಿ ಬಿರಿದ ಬೂದು ಕೆಸರು. ಬೆಳಿಗ್ಗೆ ಹೊನ್ನಾವರದಲ್ಲಿ ಬಸ್ಸಿಳಿದವರು ನೇರ ಶರಾವತಿಯ ಅಳಿವೆಗೆ ಹೋಗಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಕೊಂಬೆಯೊಂದನ್ನು ಹಿಡಿದು ಬಂದಿದ್ದರು. ಎಲೆಗಳನ್ನು ಹಂಚಿ, "ನಾಲಿಗೆಗೆ ಮುಟ್ಟಿಸಿ ನೋಡಿ" ಎಂದರು. ಉಪ್ಪು! ಬೇಡದ ಉಪ್ಪನ್ನು ಈ ಗಿಡ ಎಲೆಯಿಂದ ಹೊರಗೆ ಹಾಕಿ ಬದುಕುತ್ತದೆ ಎಂಬುದನ್ನು ನಾವು ಕಲಿತದ್ದು ಹಾಗೆ. ಸಸ್ಯಶಾಸ್ತ್ರ ಪುಸ್ತಕದಲ್ಲಿದೆ ಎಂದುಕೊಂಡು ಭಟ್ಕಳದ ಹತ್ತಿರದ ನಮ್ಮೂರು ಬೆಳಕೆಯಿಂದ ಬಂದಿದ್ದ ನಾನು ಆ ದಿನ ಪೂರ್ತಿ ತುಟಿ ಸವರಿಕೊಳ್ಳುತ್ತಲೇ ಇದ್ದೆ.

ಪಾಠ ಶುರುವಾಗುವ ಮೊದಲು ಹಾಜರಿ ಕರೆದರು. ನನ್ನ ಪಕ್ಕದಲ್ಲಿ ನಮಗಿಂತ ತುಂಬ ದೊಡ್ಡವರೊಬ್ಬರು ಕೂತಿದ್ದರು. ಹತ್ತಿಯ ಸೀರೆ, ಕೊರಳಲ್ಲಿ ಕರಿಮಣಿ. ಅವರ ಸರದಿ ಬಂದಾಗ ಎದ್ದು ನಿಂತು "ಯೆಸ್ ಸರ್" ಎಂದರು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಮಧ್ಯಾಹ್ನದ ಹೊತ್ತಿಗೆ ನಗುವಿನ ಕಾರಣ ಗೊತ್ತಾಯಿತು. ಅವರು ಸರ್ ಅವರ ಹೆಂಡತಿ.

ನಾನು ಅವರನ್ನು ಅಕ್ಕ ಎಂದು ಕರೆಯತೊಡಗಿದೆ. ಪಿಯುಸಿ ಮುಗಿಸಿ ಮದುವೆಯಾಗಿ, ಎರಡು ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಅಕ್ಕ ಬಿ.ಎಸ್ಸಿ. ಸೇರಿದ್ದರು. ಕುಮಟಾದ ಹತ್ತಿರದ ಹೊಳನಗದ್ದೆಯಲ್ಲಿ ಅವರ ಮನೆ. ಬೆಳಿಗ್ಗೆ ಅಕ್ಕ ದೋಸೆ ಹೊಯ್ಯುವಾಗ ಸರ್ ಮಗಳ ಜಡೆ ಹೆಣೆಯುತ್ತಿದ್ದರಂತೆ. "ನನಗಿಂತ ಬಿಗಿಯಾಗಿ ಹೆಣೀತ್ರು, ಶಾಲೆ ಬಿಟ್ರೂ ಬಿಚ್ಚೂದಿಲ್ಲ" ಎಂದು ಅಕ್ಕ ಹೇಳುತ್ತಿದ್ದರು. ಮಕ್ಕಳನ್ನು ಅಜ್ಜಿಗೆ ಒಪ್ಪಿಸಿ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದರು. ಬಸ್ಸಿನಲ್ಲಿ ಗಂಡ ಹೆಂಡತಿ. ಕಾಲೇಜಿನ ಗೇಟು ದಾಟಿದರೆ ಸರ್ ಮತ್ತು ವಿದ್ಯಾರ್ಥಿನಿ, ಬಹುವಚನದ ಮಾತು.

ಊರು ಆಡಿಕೊಳ್ಳದೆ ಇರುತ್ತದೆಯೇ? ಸ್ಟಾಫ್ ರೂಮಿನಲ್ಲೇ ಒಬ್ಬರು, "ಮನೆಪಾಠ ಸಾಲಲಿಲ್ಲವೇನ್ರೀ?" ಎಂದು ಕೇಳಿದ್ದರಂತೆ. ಸರ್ ನಗಲೂ ಇಲ್ಲ, ಸಿಟ್ಟೂ ಆಗಲಿಲ್ಲ. "ಮನೆಯಲ್ಲಿ ಲ್ಯಾಬ್ ಇಲ್ಲವಲ್ಲ" ಎಂದರಂತೆ.

ಅಕ್ಕನಿಗೆ ತರಗತಿಯಲ್ಲಿ ಯಾವ ರಿಯಾಯಿತಿಯೂ ಇರಲಿಲ್ಲ. ಒಮ್ಮೆ ಬೇರಿನ ಅಡ್ಡಸೀಳಿಕೆಯ ಚಿತ್ರ ನೋಡಿ, "ಇದು ಬೇರಾ, ಚಕ್ಕುಲಿಯಾ? ಮತ್ತೆ ಬರೆಯಿರಿ" ಎಂದು ಎಲ್ಲರೆದುರು ಪುಸ್ತಕ ವಾಪಸು ಕೊಟ್ಟರು. ಅಕ್ಕ ತಲೆ ತಗ್ಗಿಸಿ ನನ್ನ ಕಿವಿಯಲ್ಲಿ, "ಮನೆಗೆ ಬರ್ಲಿ, ನೋಡ್ಕಂತೆ" ಎಂದರು. ಮರುದಿನ ಬರೆದು ತಂದ ಚಿತ್ರವನ್ನು ಸರ್ ತರಗತಿಗೆಲ್ಲ ಎತ್ತಿ ತೋರಿಸಿದರು. ಅಕ್ಕನ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಅವನ್ನು ಯಾವಾಗಲೂ ಬೇರೆಯವರೇ ತಿದ್ದುತ್ತಿದ್ದರು.

ಯಾರಾದರೂ ಪಾಠ ಅರ್ಥವಾಗಲಿಲ್ಲವೆಂದು ಕಣ್ಣೀರು ಹಾಕಿದರೆ ಸರ್ ಒಂದು ಮಾತು ಹೇಳುತ್ತಿದ್ದರು: "ಗಿಡಕ್ಕೆ ಅವಸರ ಇಲ್ಲ. ಹಾಗಂತ ಅದು ಸೋಮಾರಿಯೂ ಅಲ್ಲ."

ಕೊನೆಯ ವರ್ಷ ನನಗೊಂದು ಸಂಬಂಧ ಬಂತು. ಹುಡುಗ ಮುರ್ಡೇಶ್ವರದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ, ಮನೆತನವೂ ಒಳ್ಳೆಯದೇ. ಅವರಿಗೆ ಪರೀಕ್ಷೆಗೆ ಮೊದಲೇ ಮದುವೆ ಆಗಬೇಕಿತ್ತು. ಅಮ್ಮ ನನ್ನನ್ನು ಕಾಲೇಜು ಬಿಡಿಸಿದಳು. ನಾನು ಬೇಡವೆನ್ನಲಿಲ್ಲ, ಬೇಡವೆನ್ನಬಹುದು ಎಂದೇ ನನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಜೊತೆಗೆ ಬರುತ್ತಿದ್ದ ಗೆಳತಿಯಿಂದ ಸುದ್ದಿ ಕಾಲೇಜು ಮುಟ್ಟಿತು. ಆ ಭಾನುವಾರ ಸರ್, ಅಕ್ಕ, ಇಬ್ಬರು ಮಕ್ಕಳು ನಮ್ಮ ಅಂಗಳದಲ್ಲಿದ್ದರು.

ಅಪ್ಪ ಜಗಲಿಯಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಅಮ್ಮ ಚಾ ತಂದಿಟ್ಟು, ಸರ್ ಬಾಯಿ ತೆರೆಯುವ ಮೊದಲೇ ಹೇಳಿದಳು: "ಮಾಸ್ತರ್ರೇ, ನಾವು ಓದೂದು ಬೇಡ ಹೇಳೂದಿಲ್ಲ. ಮದುವೆ ಆದ್ಮೇಲೆ ಓದ್ಸ್ತೇವೆ ಹೇಳಿ ಅವ್ರು ಮಾತು ಕೊಟ್ಟಾರೆ."

"ಯಾರು, ಹುಡುಗನಾ?" ಎಂದು ಕೇಳಿದವರು ಅಕ್ಕ.

"ಹೌದು, ಹುಡ್ಗನೇ. ಒಳ್ಳೆಯವ."

"ಇವರೂ ಒಳ್ಳೆಯವರೇ" ಎಂದು ಅಕ್ಕ ಸರ್ ಕಡೆ ತಿರುಗಿದರು. "ಹೇಳಿ ನೀವೇ."

ಸರ್ ಲೋಟ ಕೆಳಗಿಟ್ಟರು. ಒಮ್ಮೆ ಮಕ್ಕಳ ಕಡೆ ನೋಡಿ ಅಮ್ಮನ ಕಡೆ ತಿರುಗಿದರು.

"ನಾನೂ ಇವಳ ಅಪ್ಪನಿಗೆ ಇದೇ ಮಾತು ಕೊಟ್ಟಿದ್ದೆ, ಅಮ್ಮ. ಸುಳ್ಳು ಹೇಳಬೇಕು ಅಂತ ಕೊಟ್ಟದ್ದಲ್ಲ. ಆ ವರ್ಷ ಮನೆ ಕೆಲಸ, ಆಮೇಲೆ ಮಗಳು, ಮತ್ತೆ ಮಗ. ನಾನು ದಿನಾ ಕಾಲೇಜಿಗೆ ಹೋಗಿ ಬೇರೆಯವರ ಮಕ್ಕಳಿಗೆ ಓದಿ, ಓದಿ ಅಂತಿದ್ದೆ. ಮನೆಯಲ್ಲಿ ಒಬ್ಬಳು ಕಾಯ್ತಾ ಇದ್ದಾಳೆ ಅಂತ ನೆನಪೇ ಆಗಲಿಲ್ಲ. ಒಂದಿನ ಮಗಳು ಕೇಳಿದಳು, ಅಮ್ಮ ಎಂತ ಓದಿದ್ದು ಅಂತ. ಇವಳು ಎದ್ದು ಒಳಗೆ ಹೋದಳು. ಆಗ ನೆನಪಾಯ್ತು. ಕಾಲೇಜಿನ ಮಾಸ್ತರನ ಮನೆಯಲ್ಲೇ ಹೀಗೆ."

ಹೆಂಡತಿ ಮಕ್ಕಳ ಎದುರು, ಗುರುತಿಲ್ಲದ ಊರಿನ ಜಗಲಿಯಲ್ಲಿ, ಕಲಿಸುವ ಒಬ್ಬ ಗಂಡಸು ಹೀಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅಮ್ಮ ಸೆರಗಿನ ತುದಿ ತಿರುವುತ್ತ ಕೂತಳು. ಅಪ್ಪ ಬಲೆ ಪಕ್ಕಕ್ಕೆ ಸರಿಸಿದ.

"ಪರೀಕ್ಷೆ ಯಾವಾಗ ಮಾಸ್ತರ್ರೇ?"

"ಬೇಸಿಗೆಯಲ್ಲಿ."

"ಆತು. ಪರೀಕ್ಷೆ ಮುಗೀಲಿ ಮೊದ್ಲು."

ಅಮ್ಮ ಏನೋ ಹೇಳಹೊರಟಳು. "ಆತು ಹೇಳ್ದೆನಲ್ಲ" ಎಂದು ಅಪ್ಪ ಮತ್ತೆ ಬಲೆ ಎತ್ತಿಕೊಂಡ.

ಗಂಡಿನ ಕಡೆಯವರು ಕಾಯಲಿಲ್ಲ. ಅಮ್ಮ ವಾರಗಟ್ಟಲೆ ನನ್ನೊಡನೆ ಮುಖಕೊಟ್ಟು ಮಾತಾಡಲಿಲ್ಲ. ನಾನು ಓದಿದೆ. ಹೆದರಿಕೊಂಡೇ ಓದಿದೆ. ಪರೀಕ್ಷೆಗೆ ಮೊದಲು ಅಕ್ಕ ನನ್ನನ್ನು ಹೊಳನಗದ್ದೆಗೆ ಕರೆದುಕೊಂಡು ಹೋದರು. ಇಬ್ಬರೂ ಒಂದೇ ಮಂಚದ ಮೇಲೆ ಪುಸ್ತಕ ಹರಡಿ ಕೂತರೆ, ಅಡುಗೆಮನೆಯಲ್ಲಿ ಸರ್ ಬಂಗಡೆ ಸಾರು ಮಾಡುತ್ತಿದ್ದರು. ಉಪ್ಪು ಸಾಕೋ ಎಂದು ಕೇಳಲು ಬಂದವರು, ಹೇಗೂ ಬಂದೆನಲ್ಲ ಎಂದು ಎರಡು ಪ್ರಶ್ನೆ ಕೇಳಿಯೇ ಹೋಗುತ್ತಿದ್ದರು.

ಇಬ್ಬರಿಗೂ ಪ್ರಥಮ ದರ್ಜೆ ಬಂತು. ಸಸ್ಯಶಾಸ್ತ್ರದಲ್ಲಿ ಇಡೀ ಕಾಲೇಜಿಗೆ ಅಕ್ಕನೇ ಮೊದಲು. ಕಾಲೇಜಿನ ಸಮಾರಂಭದಲ್ಲಿ ಅವರ ಹೆಸರು ಕರೆದಾಗ ಮಗ ಕುರ್ಚಿಯ ಮೇಲೆ ನಿಂತು "ನಮ್ಮಮ್ಮ! ನಮ್ಮಮ್ಮ!" ಎಂದು ಕೂಗಿದ. ಹಿಂದೆ ನಕ್ಕಿದ್ದ ಬೆಂಚಿನವರೇ ಎದ್ದು ನಿಂತು ಸಿಳ್ಳೆ ಹಾಕಿದರು. ಗದ್ದಲವೆಂದರೆ ಆಗದ ಸರ್ ಅಂದು ಯಾರನ್ನೂ ಗದರಿಸಲಿಲ್ಲ. ಧಾರವಾಡದ ಘಟಿಕೋತ್ಸವಕ್ಕೆ ನಮ್ಮಿಬ್ಬರನ್ನೂ ಅವರೇ ಕರೆದೊಯ್ದರು. ಅಲ್ಲಿ ಅವರು ತೆಗೆದ ಫೋಟೊದಲ್ಲಿ ನಮ್ಮಿಬ್ಬರ ತಲೆಯೂ ಅರ್ಧಕ್ಕೇ ಕತ್ತರಿಸಿಹೋಗಿದೆ, ಕ್ಯಾಮೆರಾ ಬಿಟ್ಟು ಅವರು ಅಕ್ಕನನ್ನೇ ನೋಡುತ್ತಿದ್ದರು. ಅದೇ ಫೋಟೊ ಅವರ ಮನೆಯ ಗೋಡೆಯ ಮೇಲಿದೆ.

ಅಕ್ಕ ಬಿ.ಎಡ್. ಮುಗಿಸಿ ಹೈಸ್ಕೂಲು ಸೇರಿದರು. ನಾನು ಎಂ.ಎಸ್ಸಿ. ಮಾಡಿ ಭಟ್ಕಳದ ಕಾಲೇಜಿನಲ್ಲಿ ಕಲಿಸುತ್ತಿದ್ದೇನೆ. ಮದುವೆಯೂ ಆಯಿತು, ನನಗೆ ಬೇಕೆನಿಸಿದಾಗ, ಬೇಕೆನಿಸಿದವರ ಜೊತೆ. ನಿವೃತ್ತಿಯ ನಂತರ ಸರ್ ದಿನವೂ ಹೆಂಡತಿಯನ್ನು ಬಸ್ಸಿನ ತನಕ ಬಿಟ್ಟು, ಸಂಜೆ ಕರೆತರುತ್ತಿದ್ದರು. ಅಕ್ಕ ಆ ಶಾಲೆಯ ಮುಖ್ಯೋಪಾಧ್ಯಾಯಿನಿಯಾದದ್ದನ್ನೂ ಕಣ್ಣಾರೆ ನೋಡಿದರು.

ಈ ಮಳೆಗಾಲದ ಮೊದಲಿಗೆ ಸರ್ ಹೋದರು. ಬೆಳಿಗ್ಗೆ ಚಾ ಮಾಡಿ ಅಕ್ಕನಿಗೊಂದು ಲೋಟ ಕೊಟ್ಟು, ಪೇಪರ್ ಹಿಡಿದು ಕೂತವರು ಏಳಲಿಲ್ಲ. ಸುದ್ದಿ ತಿಳಿದು ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು. ಹೊಳನಗದ್ದೆಯ ಆ ಮನೆಯ ತುಂಬ ಜನ. ಅವರು ಕಲಿಸಿದವರು, ಅಕ್ಕ ಕಲಿಸುತ್ತಿರುವ ಹುಡುಗಿಯರು ಸಮವಸ್ತ್ರದಲ್ಲೇ. ನೆರೆಮನೆಯ ಹೆಂಗಸೊಬ್ಬರು ಅಮ್ಮನನ್ನು ಮೆಲ್ಲಗೆ ವಿಚಾರಿಸಿದರು, "ನಿಮಗೆ ಇವ್ರು ಎಂತ ಆಗ್ಬೇಕು?"

ಅಮ್ಮನಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

"ನನ್ನ ಮಗಳಿಗೆ ಬಂದ ಒಳ್ಳೆ ಸಂಬಂಧ ತಪ್ಸಿದ ಮಾಸ್ತರ್ರು ಇವ್ರೇ" ಎಂದಳು, ಎಲ್ಲರಿಗೂ ಕೇಳುವಂತೆ, ತಲೆ ಎತ್ತಿ. "ಈಗ ನಮ್ಮ ಹುಡ್ಗಿ ಕಾಲೇಜಲ್ಲಿ ಕಲಿಸ್ತದೆ."

ಸಮವಸ್ತ್ರದ ಹುಡುಗಿಯರೆಲ್ಲ ಅಮ್ಮನ ಕಡೆ ತಿರುಗಿದರು. ಆಮೇಲೆ ಮೊದಲು ನಕ್ಕವರು, ಕಣ್ಣೀರಿನ ನಡುವೆಯೇ, ನಮ್ಮ ಅಕ್ಕ.