ಶೈಲಮ್ಮ ಹೊಲಿದ ಓಟ್ಸ್ ಹೊದಿಕೆ

ಅಮೆರಿಕದ ಸಮರ್‌ಸೆಟ್‌ನ ಕನ್ನಡದ ಹೆಂಗಸರಲ್ಲಿ ಶೈಲಮ್ಮನವರ ಕೈಯಲ್ಲಿ ರವಿಕೆ ಹೊಲಿಸಿಕೊಳ್ಳದವರು ಕಡಿಮೆ. ಬೈಲಹೊಂಗಲದಿಂದ ಬಂದ ಹೊಸದರಲ್ಲಿ ಅವರು ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಪ್ಯಾಂಟುಗಳ ಅಂಚು ಮಡಚಿ ಹೊಲಿಯುತ್ತಿದ್ದರು. ಮಗಳು ಕಾಲೇಜಿಗೆ ಹೋದ ಮೇಲೆ ಅವಳ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡರು.

ಗಂಡ ಅಡಿವೆಪ್ಪನವರು ರಸ್ತೆ ಇಲಾಖೆಯ ಎಂಜಿನಿಯರ್ ಆಗಿದ್ದವರು. ನಿವೃತ್ತರಾದ ವರ್ಷವೇ ಊರಿನ ಸಾಮೂಹಿಕ ತೋಟದಲ್ಲಿ ಒಂದು ತುಂಡು ನೆಲ ಪಡೆದರು. ಅಲ್ಲಿಯ ಜನ ಟೊಮೆಟೊ ಮುಗಿದ ಮೇಲೆ ಓಟ್ಸ್ ಚೆಲ್ಲುವುದು, ಅದು ಚಳಿಗೆ ಸತ್ತು ಮಣ್ಣಿನ ಮೇಲೆ ಹಾಸಿಕೊಂಡು ಗೊಬ್ಬರವಾಗಲಿ ಎಂದು. ಅಡಿವೆಪ್ಪನವರಿಗೆ ಅದು ಬದುಕಬೇಕಿತ್ತು, ತೆನೆ ಕಟ್ಟಬೇಕಿತ್ತು. ಸೆಪ್ಟೆಂಬರಿನಲ್ಲಿ ಎರಡು ಮಡಿ ಬಿತ್ತಿದರು. ನವೆಂಬರಿನಲ್ಲಿ ಒಂದರ ಮೇಲೆ ಪೈಪುಗಳನ್ನು ಕಮಾನಿನಂತೆ ಬಗ್ಗಿಸಿ ನೆಟ್ಟು, ಬೆಳಕೂ ಮಳೆನೀರೂ ಇಳಿಯುವಂಥ ತೆಳು ಬಿಳಿ ಬಟ್ಟೆ ಹೊದಿಸಿ, ಅಂಚಿಗೆ ಇಟ್ಟಿಗೆ ಹೇರಿದರು. ಇನ್ನೊಂದನ್ನು ಹೋಲಿಸಿ ನೋಡಲೆಂದು ಬಯಲಿಗೇ ಬಿಟ್ಟರು.

"ಹುಲ್ಲಿಗೆ ಪರದೆ ಕಟ್ಟೀರೇನು?" ಎಂದು ಶೈಲಮ್ಮ ಫೋನಿನಲ್ಲಿ ಅದರ ಫೋಟೊ ನೋಡಿ ನಕ್ಕಿದ್ದರು.

ಜನವರಿಯ ಗಾಳಿ ಎರಡೇ ದಿನದಲ್ಲಿ ಆ ಬಟ್ಟೆಯನ್ನು ಹರಿದು ಹಾಕಿತು. ಅಡಿವೆಪ್ಪನವರು ಅದನ್ನು ಸುತ್ತಿಕೊಂಡು ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದರು. ಟಪ್ ಟಪ್ ಶಬ್ದ ಕೇಳಿ ಶೈಲಮ್ಮ ಬಂದು ನೋಡಿದರೆ, ಗಂಡ ಹರಿದ ಕಡೆಯಲ್ಲೆಲ್ಲ ಸ್ಟೇಪ್ಲರ್ ಹೊಡೆಯುತ್ತಿದ್ದಾರೆ.

"ಅಯ್ಯ ಶಿವನ! ಅರಿವಿ-ಬಟ್ಟಿಗೆ ಸ್ಟೇಪ್ಲರ್ ಹೊಡೀತಾರೇನ್ರೀ? ಬಿಡ್ರಿ ಅದನ್ನ!"

"ನಾಡಿದ್ದು ಟೆಂಪರೇಚರ್ ಎಂಟು ಫ್ಯಾರನ್‌ಹೀಟಕ್ಕ ಇಳೀತದಂತ, ಶೈಲಾ. ಟೈಮ್ ಇಲ್ಲ."

ಶೈಲಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದರು. ಎಲ್ಲ ಕಡೆಯೂ ಇಟ್ಟಿಗೆ ಕೂತಿದ್ದ ಜಾಗದಲ್ಲೇ ಹರಿದಿತ್ತು. ಗಾಳಿ ಎಳೆದಾಗಲೆಲ್ಲ ಇಟ್ಟಿಗೆ ಅದನ್ನು ತಿಕ್ಕಿ ಸವೆಸಿದೆ ಎಂದು ಅವರಿಗೆ ಹೊಳೆಯಿತು. ಕೋಟು ಹಾಕಿಕೊಂಡು, ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಹೊರಟುಬಿಟ್ಟರು. ಆ ತೋಟಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲು. ಗಿರಾಕಿಯ ತೋಳು ಅಳೆಯುವಂತೆ ಕಮಾನುಗಳನ್ನು ಒಂದೊಂದಾಗಿ ಅಳೆದರು.

ಮನೆಗೆ ಮರಳಿದೊಡನೆ ಮೆಷಿನ್ನಿನ ಮೇಲಿದ್ದ ಯಾರದೋ ಮದುವೆಯ ರವಿಕೆ ಪಕ್ಕಕ್ಕೆ ಸರಿಯಿತು. ಹರಿದದ್ದನ್ನು ಸರಿಪಡಿಸಿ, ಅದರ ಮೇಲೆ ಉಳಿದಿದ್ದ ಹೊಸ ಬಟ್ಟೆಯನ್ನಿಟ್ಟು ಎರಡು ಪದರ ಹೊಲಿದರು. ಪೈಪು ತೂರಿಸಲು ಲಂಗಕ್ಕೆ ಲಾಡಿ ಹಾಕುವ ನೇಫೆಯಂಥ ಮಡಿಕೆ ಮಾಡಿದರು. ಇಟ್ಟಿಗೆ ಬೇಡವೆಂದು, ಅಂಚಿನುದ್ದಕ್ಕೂ ಗಟ್ಟಿ ಬಟ್ಟೆಯ ಕೊಳವೆ ಹೊಲಿದು ಮರಳು ತುಂಬಿಸಿದರು. ಮರುದಿನ ಮಧ್ಯಾಹ್ನ ದಂಪತಿ ಅದನ್ನು ಹೊದಿಸುತ್ತಿದ್ದಾಗ ಪಕ್ಕದ ಮಡಿಯ ತಾರಿಣಿ ಬಂದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಶಾಲೆಯಲ್ಲಿ ವಿಜ್ಞಾನದ ಟೀಚರ್.

"ಆಂಟಿ, ದಿಸ್ ಈಸ್ ಜೀನಿಯಸ್!" ಎಂದು, ತನ್ನ ಥರ್ಮಾಮೀಟರನ್ನು ಒಳಗೆ ನೇತುಹಾಕಿ ಹೋದಳು.

ಚಳಿ ಹೇಳಿದ ದಿನವೇ ಬಂತು. ಬೆಳಿಗ್ಗೆ ಮೊದಲು ಬೂಟು ಹಾಕಿಕೊಂಡವರು ಶೈಲಮ್ಮ. ಹೊರಗೆ ಎಂಟು ಡಿಗ್ರಿ ಫ್ಯಾರನ್‌ಹೀಟ್, ಹೊದಿಕೆಯೊಳಗೆ ಇಪ್ಪತ್ತು; ನೀರು ಹೆಪ್ಪುಗಟ್ಟಲು ಮೂವತ್ತೆರಡೇ ಸಾಕು. ಆದರೆ ಎಲೆಗಳೆಲ್ಲ ಹೆಪ್ಪುಗಟ್ಟಿ ಕಪ್ಪಿಟ್ಟು ಸೆಟೆದು ನಿಂತಿದ್ದವು. ಅವರ ಮುಖ ಸಪ್ಪಗಾಯಿತು.

"ಹೋದವಲ್ರೀ ಎಲ್ಲಾ?"

"ಕೈ ಹಚ್ಚಬ್ಯಾಡ, ಮುರೀತಾವು. ಬಿಸಿಲು ಏರಲಿ, ನೋಡೂಣು."

ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತು, ಫ್ಲಾಸ್ಕಿನ ಚಹಾ ಖಾಲಿ ಮಾಡಿದರು. ಹನ್ನೊಂದೂವರೆಯ ಹೊತ್ತಿಗೆ ಮಂಜು ಕರಗಿ, ಎಲೆಗಳು ಮೆಲ್ಲಗೆ ಹಸಿರಿಗೆ ತಿರುಗಿದವು. ತುದಿ ಮಾತ್ರ ಸುಟ್ಟಂತೆ ಹಳದಿಯಾಗಿತ್ತು. ಬಯಲಿನ ಮಡಿ ನೆಲಕ್ಕೆ ಒರಗಿದ್ದು ಮತ್ತೆ ಏಳಲೇ ಇಲ್ಲ.

ಅಲ್ಲಿಂದಾಚೆಗೆ ಶೈಲಮ್ಮನಿಗೆ ತೋಟದ ಹುಚ್ಚು ಹಿಡಿಯಿತು. ಫೆಬ್ರವರಿಯ ಒಂದು ಬೆಚ್ಚನೆಯ ಮಧ್ಯಾಹ್ನ ಅವರೇ ಹೋಗಿ ಹೊದಿಕೆಯ ಒಂದು ತುದಿ ಎತ್ತಿ, ಗಂಡನಿಗೆ ಫೋನ್ ಮಾಡಿದರು. "ರೀ, ಒಳಗ ಬೆವರಾಕತ್ತಾವು! ಗಾಳಿ ಆಡಸಾಕತ್ತೀನಿ, ಊಟ ನೀವ ಹಾಕ್ಕೊಳ್ರಿ."

ಜೂನ್ ಕೊನೆಯಲ್ಲಿ ತೆನೆ ಹೊಂಬಣ್ಣಕ್ಕೆ ತಿರುಗಿತು. ದಿಂಬಿನ ಚೀಲಕ್ಕೆ ತುಂಬಿ ಬಡಿದು, ಫ್ಯಾನಿನ ಗಾಳಿಗೆ ತೂರಿದಾಗ ಮೂರು ದೊಡ್ಡ ಡಬ್ಬಿ ತುಂಬ ಕಾಳು ಬಂತು. ಒಂದು ಡಬ್ಬಿ ತಾರಿಣಿಯ ಮನೆಗೆ ಹೋಯಿತು.

ಈ ವರ್ಷ ಅಕ್ಟೋಬರಿನಲ್ಲಿ ಶನಿವಾರಗಳಂದು ಶೈಲಮ್ಮನ ಮೆಷಿನ್ ಇರುವ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ತೋಟದ ಆರು ಜನ ಬಿಳಿ ಬಟ್ಟೆಯ ಸುರುಳಿ ಹಿಡಿದು ಹೊದಿಕೆ ಹೊಲಿಯುವುದನ್ನು ಕಲಿಯಲು ಬರುತ್ತಾರೆ. ಶೈಲಮ್ಮ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಸ್ಟ್ರೇಟ್, ಸ್ಟ್ರೇಟ್!" ಎಂದು ಗದರುತ್ತಾರೆ. ಅಡಿವೆಪ್ಪನವರಿಗೆ ಗ್ಯಾರೇಜಿನಲ್ಲಿ ಮರಳು ತುಂಬುವ ಕೆಲಸ ಸಿಕ್ಕಿದೆ.