ಫೋನೇ ಹೋಗಿಬರಲಿ

ಫೋನು ಬಂದಮೇಲೆ ನನ್ನ ತಲೆಗೆ ತುಕ್ಕು ಹಿಡಿದಿದೆ ಅನ್ನುವುದು ನಮ್ಮನೆಯವರ ಖಾಯಂ ದೂರು. ಸಾಗರದ ಹೈಸ್ಕೂಲಿನಲ್ಲಿ ಅಷ್ಟು ವರ್ಷ ಗಣಿತ ಹೇಳಿಕೊಟ್ಟವಳ ತಲೆಗೆ ಹೀಗನ್ನುವುದಾ ಅಂತ ನಾನೂ ಬಿಟ್ಟುಕೊಡುವುದಿಲ್ಲ. ಇವರ ಬುದ್ಧಿವಂತಿಕೆ ನನಗೆ ಗೊತ್ತಿಲ್ಲವೇ? ಹೊಸನಗರಕ್ಕೆ ಹೊರಟರೆ ಆನಂದಪುರ ದಾಟುವುದರೊಳಗೆ ಎರಡು ಕಡೆ ಕಾರು ನಿಲ್ಲಿಸಿ, ಗೊತ್ತಿರುವ ದಾರಿಯನ್ನೇ ಮತ್ತೆ ಕೇಳಬೇಕು. ಕೇಳಿದವರ ಊರು, ಮನೆ, ಸಂಬಂಧ ಎಲ್ಲ ವಿಚಾರಿಸಬೇಕು. ಅವರು ಕೊಟ್ಟ ಎಲೆಯಡಿಕೆ ಹಾಕಿಕೊಳ್ಳಬೇಕು. ನಾನು ಕಾರಿನೊಳಗೆ ಕೂತು ಬೆವರುತ್ತಿರಬೇಕು.

ಮಗಳ ಮದುವೆ ಗೊತ್ತಾದಾಗ ಈ ಜಗಳ ಸೀದಾ ಅತ್ತೆಯ ಮನೆಗೆ ಹೋಗಿ ಮುಟ್ಟಿತು. ಅತ್ತೆ ಅಂದರೆ ನಮ್ಮನೆಯವರ ಸೋದರತ್ತೆ, ಅರಳಸುರಳಿ ಕಡೆಯವರು. ಇವರು ತಾಯಿಯಿಲ್ಲದೆ ಬೆಳೆದವರು. ಅನ್ನ ಹಾಕಿ, ಓದಿಸಿ, ಬೈದು ದೊಡ್ಡ ಮಾಡಿದ್ದು ಈ ಅತ್ತೆಯೇ. ಆರು ವರ್ಷದ ಹಿಂದೆ ನಮ್ಮ ಗೃಹಪ್ರವೇಶದ ಗಡಿಬಿಡಿಯಲ್ಲಿ, ಆಮಂತ್ರಣ ಪತ್ರಿಕೆಯ ಫೋಟೋವನ್ನು ಅತ್ತೆಯ ಸೊಸೆಯ ವಾಟ್ಸಪ್ಪಿಗೆ ಹಾಕಿ, ಅಲ್ಲಿಗೆ ಕರೆದಾಯಿತು ಅಂದುಕೊಂಡವಳು ನಾನು. ಅದನ್ನು ನೋಡಿದ ಅತ್ತೆ, "ಕರೆದಿದ್ದು ಫೋನನ್ನ ಅಲ್ವಾ? ಫೋನೇ ಹೋಗಿಬರ್ಲಿ" ಅಂದರಂತೆ. ಅವತ್ತಿನಿಂದ ಅವರು ನಮ್ಮ ಹೊಸಿಲು ತುಳಿದಿಲ್ಲ. ಇವರು ಮಾತ್ರ ಆಗಾಗ ಒಬ್ಬರೇ ಹೋಗಿ ಮಾತಾಡಿಸಿ ಬರುತ್ತಿದ್ದರು.

"ಧಾರೆ ಹೊತ್ತಿಗೆ ಅತ್ತೆ ನನ್ನ ಪಕ್ಕ ಇರ್ಬೇಕು. ನಂಗೆ ಬೇಕಾಗಿದ್ದು ಅಷ್ಟೇ" ಅಂದರು. ಏನನ್ನೂ ಬಾಯಿಬಿಟ್ಟು ಕೇಳುವ ಮನುಷ್ಯರಲ್ಲ ಇವರು.

ತಪ್ಪು ನನ್ನದು, ಕರೆಯುವುದಕ್ಕೂ ನಾನೇ ಹೋಗುತ್ತೇನೆ ಅಂದೆ. ಮದುವೆಗೆ ದಿನ ಕಮ್ಮಿ ಇದ್ದವು, ಹಾಗಾಗಿ ಇವರು ಮಂಡಗದ್ದೆ ಕಡೆಯ ನೆಂಟರನ್ನು ಕರೆಯಲು ಹೊರಟರು. ಅತ್ತೆಯವರು ಹಳೇ ಮನೆ ಬಿಟ್ಟು ಬೇರೆ ಕಡೆ ಕಟ್ಟಿಕೊಂಡಿದ್ದರು. ಆ ಮನೆಯನ್ನು ನಾನು ನೋಡಿರಲಿಲ್ಲ. "ದಾರಿ ಹೇಳ್ತೀನಿ, ಬರ್ಕೋ" ಅಂದರು ಇವರು. "ಬೇಡ, ಸೊಸೆ ಹತ್ರ ಲೊಕೇಶನ್ ತರಿಸ್ಕೊಂಡಿದೀನಿ" ಅಂದೆ, ಸ್ವಲ್ಪ ಗತ್ತಿನಲ್ಲೇ.

ನೀಲಿ ಗೆರೆ ಹಿಡಿದು ಹೊಸನಗರ ದಾಟಿ ಹೋದೆ. ಕೊನೆಯ ತಿರುವಿನಲ್ಲಿ ಸೊಪ್ಪಿನ ಹೊರೆ ಹೊತ್ತವರೊಬ್ಬರು ನಿಂತು, "ಯಾರ ಮನೆಗೆ ಹೊರಟಿದ್ದು?" ಅಂದರು. ಗಾಜು ಕೂಡ ಇಳಿಸದೆ, ಗೊತ್ತು ಗೊತ್ತು ಅಂತ ಕೈಯಾಡಿಸಿ ಮುಂದೆ ಹೋದೆ. ಒಂದು ಮನೆಯ ಅಂಗಳದಲ್ಲಿ ಫೋನು, ತಲುಪಿದ್ದೀರಿ ಅಂತು.

ಜಗಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಅಜ್ಜಿ ಕೂತಿದ್ದರು. ಕಣ್ಣಿನ ಆಪರೇಷನ್ ಆಗಿದೆ ಅಂತ ನೋಡಿದರೇ ತಿಳಿಯುತ್ತಿತ್ತು. ನಾನು ಅತ್ತೆಯನ್ನು ನೋಡಿ ಏಳೆಂಟು ವರ್ಷವಾಗಿತ್ತು. ಅದಲ್ಲದೆ ಫೋಟೋ ಇದೆಯಲ್ಲ ಅನ್ನುವ ಧೈರ್ಯದಲ್ಲಿ ನಾನು ಯಾರ ಮುಖವನ್ನೂ ನೆನಪಿಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಬಾ ಮಗಾ. ಬಿಸಿಲಲ್ಲಿ ಬಂದ್ಯಾ? ಕೈಕಾಲು ತೊಳ್ಕೊ" ಅಂದರು. ಮನೆಯವರೆಲ್ಲ ತೋಟಕ್ಕೆ ಹೋಗಿದ್ದರಂತೆ. ತಾವೇ ಎದ್ದು ನೀರು, ಬೆಲ್ಲ ತಂದಿಟ್ಟರು. ಇಷ್ಟು ಸಲೀಸಾಗಿ ಮಾತಾಡಿಸುತ್ತಾರೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಕಾರಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಮರೆತು, ಕುಂಕುಮ, ಪತ್ರಿಕೆ ಕೊಟ್ಟು, ಕಾಲಿಗೆ ಬಿದ್ದು, ಬಿದ್ದಲ್ಲೇ ಶುರು ಮಾಡಿದೆ. "ಅತ್ತೆ, ಗೃಹಪ್ರವೇಶಕ್ಕೆ ಮನೆಗೆ ಬಂದು ಕರೀಲಿಲ್ಲ, ತಪ್ಪಾಯ್ತು. ಸೊಕ್ಕು ಅಂತ್ಲೇ ಇಟ್ಕೊಳ್ಳಿ. ಈ ಸಲ ಮಾತ್ರ ಬರ್ಲೇಬೇಕು." ಹೇಳುತ್ತ ಹೇಳುತ್ತ ನಿಜವಾಗಿಯೂ ಅಳು ಬಂತು.

ಅಜ್ಜಿ ನನ್ನ ಬೆನ್ನು ಸವರಿದರು. "ಹೋಗ್ಲಿ ಬಿಡು ಮಗಾ. ಅದನ್ನೆಲ್ಲ ಯಾರು ಇಟ್ಕೊಂಡು ಕೂರ್ತಾರೆ?"

ಆರು ವರ್ಷದ ಭಾರ ಒಂದೇ ಸಲ ಇಳಿಯಿತು. ಅವರು ಕೊಟ್ಟ ಹಲಸಿನ ಹಪ್ಪಳ ತಿಂದೆ, ಮಜ್ಜಿಗೆ ಕುಡಿದೆ, ಇನ್ನೂ ಎರಡು ಹಪ್ಪಳ ಕೇಳಿ ಹಾಕಿಸಿಕೊಂಡೆ. ಅಜ್ಜಿಯ ಭುಜಕ್ಕೆ ಕೈಹಾಕಿ ಸೆಲ್ಫಿ ತೆಗೆದು, "ಅತ್ತೆ ಒಪ್ಪಿದ್ರು. ನನ್ನ ತಲೆ ಹೇಗಿದೆ ಈಗ?" ಅಂತ ಬರೆದು ಇವರಿಗೆ ಕಳಿಸಿದೆ.

ಇವರ ಉತ್ತರ ಬಂತು: "ಇವರು ಯಾರು?"

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಎರಡನೆಯದು ಬಂತು: "ಅತ್ತೆ ಎಲ್ಲಿ?"

ಅಜ್ಜಿಯ ಕಡೆ ತಿರುಗಿ, ಇದು ಯಾರ ಮನೆ ಅಂತ ಕೇಳಿದೆ. ಬಂದ ಕೂಡಲೇ ಕೇಳಬೇಕಾಗಿದ್ದನ್ನು, ಕಾಲಿಗೆ ಬಿದ್ದು, ಅತ್ತು, ನಾಲ್ಕು ಹಪ್ಪಳ ತಿಂದಮೇಲೆ ಕೇಳಿದೆ. ಅಜ್ಜಿ ತಮ್ಮ ಮನೆತನ ಹೇಳಿದರು. ಅತ್ತೆಯ ಮನೆ ಗುಡ್ಡದ ಆಚೆಗಂತೆ. ಅಲ್ಲಿ ಸಿಗ್ನಲ್ಲಿಲ್ಲ. "ಆ ಮನೆ ಸೊಸೆ ದಿನಾ ಸಂಜೆ ಇಲ್ಲಿಗೇ ಬರೋದು. ನಮ್ಮ ಕೊಟ್ಟಿಗೆ ಹತ್ರ ನಿಂತು ಫೋನ್ ಮೇಲೆತ್ತಿ ಹಿಡಿತಾಳೆ, ಪಾಪ" ಅಂದರು. ಅವಳು ಅಲ್ಲಿ ನಿಂತೇ ನನಗೆ ಲೊಕೇಶನ್ ಕಳಿಸಿದ್ದಳು. ಫೋನು ಅವಳು ನಿಂತಿದ್ದ ಜಾಗವನ್ನು ಸರಿಯಾಗಿಯೇ ತೋರಿಸಿತ್ತು.

"ನಾನು ಯಾರು ಅಂತ ಒಂದು ಮಾತು ಕೇಳ್ಬಾರ್ದಿತ್ತಾ ಅಜ್ಜಿ?" ಅಂದೆ. ಅವಮಾನಕ್ಕೆ ಸಿಟ್ಟೂ ಬಂದಿತ್ತು.

"ತಪ್ಪಾಯ್ತು ಅಂತ ಕಾಲು ಹಿಡ್ಕೊಂಡು ಅಳೋರನ್ನ ನೀನ್ಯಾರು ಅಂತ ಕೇಳೋಕಾಗ್ತದಾ ಮಾರಾಯ್ತಿ?"

ಅವರ ಹೆಸರು ಕೇಳಿ ಬರೆದು ಇನ್ನೊಂದು ಪತ್ರಿಕೆ ಕೊಟ್ಟೆ, ಸರಿಯಾಗಿ ಕರೆದೆ. ಆಮೇಲೆ ಅತ್ತೆಯ ಮನೆಗೆ ದಾರಿ ಕೇಳಿದೆ. ಶಾಲೆ ದಾಟಿದ ಮೇಲೆ ಎಡಕ್ಕೆ, ಮೊದಲು ಹಳ್ಳ ದಾಟುವ ಸಂಕ ಇದ್ದಲ್ಲಿ ಈಗ ಮೋರಿ, ಬಿದ್ದುಹೋದ ಹಲಸಿನ ಮರದ ಹತ್ತಿರ ಬಲಕ್ಕೆ. ಇಲ್ಲದ ಸಂಕ, ಇಲ್ಲದ ಮರ. ಫೋನಿನಲ್ಲಿ ಗುರುತು ಹಾಕಿಕೊಳ್ಳಲು ಹೋದರೆ ಅಜ್ಜಿ ಬಿಡಲಿಲ್ಲ. "ಅದನ್ನ ಒಳಗಿಡು. ಈಗ ಹೇಳು ನೋಡಾಣ." ಎಷ್ಟು ಮಕ್ಕಳನ್ನು ಎದ್ದುನಿಲ್ಲಿಸಿ ಹೀಗೆ ಕೇಳಿದ್ದೆನೋ, ಅಷ್ಟೂ ಮಕ್ಕಳ ಶಾಪ ಒಟ್ಟಿಗೆ ತಟ್ಟಿತು. ಮೊದಲ ಸಲ ಮರದಲ್ಲಿ ತಪ್ಪಿದೆ, ಎರಡನೇ ಸಲ ಮೋರಿಯಲ್ಲಿ. ಅಜ್ಜಿ ಹಣೆ ಚಚ್ಚಿಕೊಂಡು, ಸೆರಗು ಸಿಕ್ಕಿಸಿ, ತಾವೇ ಬಂದು ಕಾರಿನಲ್ಲಿ ಕೂತರು.

ಅತ್ತೆ ಜಗಲಿಯ ಕಂಬಕ್ಕೊರಗಿ ನಿಂತಿದ್ದರು. "ಯಾರದು?" ಅಂದರು. ಗೊತ್ತಿದ್ದೇ ಕೇಳಿದ್ದು. ಹೇಳಿದೆ. "ಬೆಳಗ್ಗೆ ಬರ್ತಾಳೆ ಅಂದಿದ್ಲು ಸೊಸೆ. ಊಟ ಆರಿ ಹೋಯ್ತು. ಯಾಕೆ, ಫೋನಿಗೆ ದಾರಿ ತಪ್ತಾ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಶುರು ಮಾಡಿದರು. "ನೋಡೇ, ಇವ್ಳು ನಿನ್ನ ಕಾಲಿಗೆ ಬೀಳ್ಬೇಕಾದ್ದನ್ನ ನಮ್ಮನೇಲೇ ಬಿದ್ದು ಮುಗಿಸಿದಾಳೆ. ಅತ್ತಿದ್ದೂ ಆಯ್ತು. ಹೋಗ್ಲಿ ಬಿಡು ಅಂತ ನಾನು ಮಾತು ಕೊಟ್ಟೂ ಆಯ್ತು. ಇನ್ನು ವಾಪಸ್ ತಗೊಳ್ಳೋಕಾಗಲ್ಲ."

"ನನ್ನ ಸಿಟ್ಟು ಬಿಡೋಕೆ ನೀನ್ಯಾರೇ?"

"ಆರು ವರ್ಷ ನೀನೇ ಇಟ್ಕೊಂಡು ಎಂತ ಮಾಡ್ದೆ?"

ಅತ್ತೆ ಮುಖ ಆಚೆ ತಿರುಗಿಸಿದರು. ಬೆನ್ನು ಅಲುಗಾಡುವುದು ಕಂಡು ಅಳುತ್ತಿದ್ದಾರೆ ಅಂದುಕೊಂಡು ಹೆದರಿದೆ. ನಗುತ್ತಿದ್ದರು. ಆರಿದ ಊಟವನ್ನೇ ಮೂವರೂ ಕೂತು ಉಂಡೆವು.

ಮದುವೆಗೆ ಅತ್ತೆ, ಅಜ್ಜಿ ಇಬ್ಬರೂ ಒಂದೇ ಕಾರಿನಲ್ಲಿ ಬಂದರು, ದಾರಿಯುದ್ದಕ್ಕೂ ಕೇಳಿಕೊಂಡು. ಧಾರೆಯ ಹೊತ್ತಿಗೆ ಅತ್ತೆ ಇವರ ಪಕ್ಕ ನಿಂತಿದ್ದರು. ಇವರು ಒಂದು ಕೈಯಿಂದ ಅತ್ತೆಯ ಸೆರಗಿನ ತುದಿ ಹಿಡಿದುಕೊಂಡಿದ್ದು ನನ್ನ ಕಣ್ಣಿಗೆ ಮಾತ್ರ ಬಿತ್ತು. ಅದನ್ನು ಫೋಟೋ ತೆಗೆಯಲಿಲ್ಲ, ನೆನಪಿಟ್ಟುಕೊಂಡಿದ್ದೇನೆ.

ಸಂಜೆ ಛತ್ರದಿಂದ ಅತ್ತೆಯನ್ನು ಮನೆಗೆ ಕರೆತಂದೆವು. ಹೊಸಿಲಿನ ಹೊರಗೆ ನಿಂತುಬಿಟ್ಟರು. "ನಮ್ಮನೆ ದಾರಿ ಹೇಳು ನೋಡಾಣ. ಆಮೇಲೆ ಒಳಗೆ ಬರ್ತೀನಿ."

"ಶಾಲೆ ದಾಟಿದ್ಮೇಲೆ ಎಡಕ್ಕೆ" ಅಂದೆ. "ಸಂಕ ಇದ್ದಲ್ಲಿ ಈಗ ಮೋರಿ. ಬಿದ್ದುಹೋದ ಹಲಸಿನ ಮರದ ಹತ್ರ ಬಲಕ್ಕೆ. ಅಲ್ಲಿಂದ..." ಅಲ್ಲಿಂದ ಮುಂದೆ ಏನೂ ಹೊಳೆಯಲಿಲ್ಲ. ಇವರು ಹಿಂದಿನಿಂದ ತುಟಿ ಆಡಿಸತೊಡಗಿದರು. ಅತ್ತೆ ತಿರುಗಿ ನೋಡಿದ ಕೂಡಲೇ ಸುಮ್ಮನಾದರು.

"ಅಲ್ಲಿಂದ?" ಅಂದರು ಅತ್ತೆ.

"ಅಲ್ಲಿಂದ ಗಾಜು ಇಳಿಸಿ ಯಾರನ್ನಾದ್ರೂ ಕೇಳ್ತೀನಿ ಅತ್ತೆ."

"ಹಾಂ, ಪಾಸು" ಅಂದು, ಅತ್ತೆ ಬಲಗಾಲಿಟ್ಟು ಒಳಗೆ ಬಂದರು.